ಅಲ್ಲಿರಲಿಲ್ಲವೆಂದು ಸಾಧಿಸುವ ಹೊಣೆ ಯಾರದು?



ನಮ್ಮ ಸುರೇಬಾನದ ಕಟ್ಟೆಯ ಮೇಲಾಗಲಿ, ರಾಮದುರ್ಗದ ಹೋಟೆಲಿನಲ್ಲಾಗಲಿ, ಕೊಲೆ ಮೊಕದ್ದಮೆಯ ಸುದ್ದಿ ಬಂದೊಡನೆ ಒಂದು ಮಾತು ಕೇಳಿಬರುತ್ತದೆ: ‘ತಪ್ಪು ಮಾಡಿಲ್ಲವಾದರೆ ಆ ಹೊತ್ತು ಎಲ್ಲಿದ್ದನೆಂದು ತೋರಿಸಲಿ.’ ಕೇಳಲು ನ್ಯಾಯವೆನಿಸುವ ಈ ಮಾತು ನ್ಯಾಯದ ಬುಡಕ್ಕೇ ಕೊಡಲಿ ಹಾಕುತ್ತದೆಂಬುದು ನನ್ನ ವಾದ.

ತಾನು ಆಗ ಬೇರೆಡೆ ಇದ್ದೆನೆಂಬ ಆರೋಪಿಯ ವಾದಕ್ಕೆ ನ್ಯಾಯಾಲಯಗಳಲ್ಲಿ ‘ಅಲಿಬಿ’ ಎನ್ನುತ್ತಾರೆ. ಹಾಗೆಂದವನೇ ಅದನ್ನು ರುಜುವಾತುಪಡಿಸಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 103ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 106ನೆಯ ಕಲಮೂ ಅದನ್ನೇ ಹೇಳುತ್ತದೆ. ಆದರೆ ಇದು ಅರ್ಧ ಪಾಠ. ಅಪರಾಧ ನಡೆಯಿತು, ಮಾಡಿದವನು ಇವನೇ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಸಾಧಿಸುವ ಹೊಣೆ ಸರ್ಕಾರಿ ಪಕ್ಷದ್ದೇ. ಅದು ಆರೋಪಿಯ ಹೆಗಲಿಗೆ ಎಂದೂ ವರ್ಗವಾಗದು. ಅಲಿಬಿ ಬಿದ್ದುಹೋದರೂ ಆರೋಪ ತಾನಾಗಿ ಎದ್ದು ನಿಲ್ಲುವುದಿಲ್ಲ.

1997ರಲ್ಲಿ ವರದಿಯಾದ ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರಿ ಪಕ್ಷದ ಹೊಣೆಯೇ ಮೊದಲೆಂದಿತು. ಆದರೆ ಅನಂತರ ಆರೋಪಿಯು ತನ್ನ ಅಲಿಬಿಯನ್ನು ಸಂಪೂರ್ಣ ಖಚಿತವಾಗಿ ಸಾಧಿಸಬೇಕೆಂದೂ ಸೇರಿಸಿತು. ನನ್ನ ತಕರಾರು ಇಲ್ಲಿಯೇ. ಸುಳ್ಳು ಅಲಿಬಿಗಳು ಹೆಚ್ಚೆಂಬ ಅಂಜಿಕೆ ನಿರಾಧಾರವಲ್ಲ, ನಿಜ. ಆದರೂ ರಾತ್ರಿ ಮಗ್ಗದ ಮನೆಯಲ್ಲಿ ಮಲಗಿದ್ದ ನೇಕಾರನಿಗೆ ಹೆಂಡತಿ ಮಕ್ಕಳಲ್ಲದೆ ಇನ್ನಾರು ಸಾಕ್ಷಿ? ಹಾಜರಿ ಪುಸ್ತಕ, ವಿಮಾನದ ಟಿಕೇಟು ಉಳ್ಳವರಿಗೆ ಮಾತ್ರ ಖಚಿತತೆ ಸುಲಭ. ಪಕ್ಕದೂರಿನಲ್ಲಿದ್ದೆನೆಂದರೂ, ‘ಮೋಟಾರ್ ಸೈಕಲ್ಲಿನಲ್ಲಿ ಬಂದು ಹೋಗಿರಬಹುದಲ್ಲ’ ಎಂಬ ಪ್ರಶ್ನೆ ಕಾದಿರುತ್ತದೆ. ಬಡವನ ಅಲಿಬಿ ನ್ಯಾಯಯುತವಾದ ಸಂದೇಹವನ್ನಾದರೂ ಹುಟ್ಟಿಸಿದರೆ ಅದರ ಲಾಭ ಅವನಿಗೆ ಸಲ್ಲಲೇಬೇಕು.

ಮನೆಯವರು ಸುಳ್ಳು ಹೇಳುತ್ತಾರೆಂಬ ಆಕ್ಷೇಪವುಂಟು. ಮೃತನ ಮನೆಯವರೂ ಮನೆಯವರೇ ಅಲ್ಲವೇ? ಪ್ರತಿವಾದದ ಸಾಕ್ಷಿಗಳನ್ನೂ ಸರ್ಕಾರಿ ಸಾಕ್ಷಿಗಳಿಗೆ ಸಮನಾಗಿಯೇ ಕಾಣಬೇಕೆಂದು ಇದೇ ನ್ಯಾಯಾಲಯವು 1981ರ ದೂಧ್‌ನಾಥ್ ಪಾಂಡೆ ಪ್ರಕರಣದಲ್ಲಿ ಹೇಳಿದೆ.

ಹೊಣೆ ತಿರುಗುಮುರುಗಾದರೆ ಏನಾದೀತೆಂಬುದಕ್ಕೆ ದೂರ ಹೋಗಬೇಕಿಲ್ಲ. ಪತ್ನಿಯನ್ನು ಕೊಂದನೆಂದು ಕೊಡಗಿನ ಬಡವನೊಬ್ಬನನ್ನು ಜೈಲಿಗೆ ಕಳಿಸಿದ್ದರು. ಸಿಕ್ಕ ಅಸ್ಥಿಪಂಜರ ಆಕೆಯದೆಂಬುದನ್ನು ಡಿಎನ್‌ಎ ಪರೀಕ್ಷೆ ಸಮರ್ಥಿಸಲಿಲ್ಲ. ಆದರೂ ವಿಚಾರಣೆ ಸಾಗಿತು. 2025ರ ಏಪ್ರಿಲಿನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತಳಾಗಿ ಕಂಡಳು, ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ನಡೆಯದ ಕೊಲೆಯ ವೇಳೆ ತಾನೆಲ್ಲಿದ್ದೆನೆಂದು ಅವನು ಯಾವ ಅಲಿಬಿ ಕೊಡಬಲ್ಲವನಾಗಿದ್ದ?

ಶಿಷ್ಯರೇ, ನಿಮ್ಮಲ್ಲಿ ಪೊಲೀಸರಿದ್ದೀರಿ, ವಕೀಲರಿದ್ದೀರಿ. ಆರೋಪಿಯು ಬೇರೆಡೆ ಇದ್ದೆನೆಂದ ದಿನವೇ ಅದನ್ನು ತನಿಖೆ ಮಾಡಿರಿ. ಕ್ಯಾಮೆರಾದ ಚಿತ್ರ ಅಳಿಯುವ ಮುನ್ನ, ಸಾಕ್ಷಿಯ ನೆನಪು ಮಾಸುವ ಮುನ್ನ. ಉಳಿದವರು ಕಟ್ಟೆಯ ಮೇಲೆ ಆ ಮಾತು ಕೇಳಿದಾಗ, ‘ಅವನು ಅಲ್ಲಿದ್ದನೆಂದು ನೀವು ಮೊದಲು ತೋರಿಸಿರಿ’ ಎನ್ನಿರಿ.