ಶಿವಗಂಗೆಯ ಬೆಟ್ಟವೂ ಕುಮುದ್ವತಿಯ ಕಣಿವೆಯೂ

ಪುಣ್ಯಕ್ಷೇತ್ರಗಳಿಗೆ ಹೋಗಿ ಬರುವುದರಿಂದ ನಮ್ಮ ಹಿರಿಯರಿಗೆ ಎರಡು ಬಗೆಯ ಲಾಭವುಂಟಾಗುತ್ತಿದ್ದಿತು. ದೇವರ ದರ್ಶನವೊಂದು, ದೇಶದ ದರ್ಶನವಿನ್ನೊಂದು. ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಅವರು ಯಾವ ಊರಿನ ಬಾವಿಯ ನೀರು ಸಿಹಿ, ಯಾವ ಹಳ್ಳವನ್ನು ಯಾವ ತಿಂಗಳಲ್ಲಿ ದಾಟಬಹುದು ಎಂಬುದನ್ನೆಲ್ಲ ಬಲ್ಲವರಾಗಿದ್ದರು. ಈಗ ಬೆಳಗ್ಗೆ ಮೋಟಾರು ಹತ್ತಿ ಸಂಜೆಗೆ ಮನೆ ಸೇರುವ ನಮಗೆ ಮೊದಲನೆಯ ಲಾಭವು ಹೇಗೋ ದೊರೆಯುವುದು, ಎರಡನೆಯದು ಕೈತಪ್ಪಿಹೋಗುವುದು. ಈ ಸಾರಿ ಆ ಎರಡನೆಯ ಲಾಭದ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತನ್ನಾಡಬೇಕೆಂದಿರುವೆವು.

ಗೊಟ್ಟಿಗೆರೆಯ ನೆರೆಹೊರೆಯ ನಾಲ್ಕಾರು ಕುಟುಂಬಗಳವರು ಕೂಡಿ ಕಾರ್ತಿಕಮಾಸದ ಒಂದು ಭಾನುವಾರ ಶಿವಗಂಗೆಗೆ ಹೋಗಿಬಂದೆವು. ಬನ್ನೇರುಘಟ್ಟದ ರಸ್ತೆಯಿಂದ ನೈಸ್ ರಸ್ತೆಯನ್ನು ಹಿಡಿದು, ತುಮಕೂರಿನ ಹೆದ್ದಾರಿಯನ್ನು ಸೇರಿ, ನೆಲಮಂಗಲವನ್ನು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಬೆಟ್ಟವು ಎದುರಿಗೇ ನಿಲ್ಲುವುದು. ಪೂರ್ವದಿಂದ ನೋಡಿದರೆ ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ತೋರುವುದೆಂದು ಹೇಳುವರು. ಬೆಟ್ಟದ ಸುತ್ತ ನಡೆಯುವವರಿಗಲ್ಲದೆ ಈ ನಾಲ್ಕು ರೂಪಗಳೂ ಕಾಣಸಿಗಲಾರವು.

ಗಂಗಾಧರೇಶ್ವರನ ಗುಡಿಯನ್ನೂ, ಅಭಿಷೇಕದ ತುಪ್ಪವು ಬೆಣ್ಣೆಯಾಗುವುದೆಂಬ ಪ್ರತೀತಿಯನ್ನೂ ಅರಿಯದವರು ನಮ್ಮ ಕಡೆಯಲ್ಲಿ ವಿರಳ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಇಲ್ಲಿ ದೇಹವನ್ನು ಬಿಟ್ಟಳೆಂಬುದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದು. ಇವುಗಳ ವಿಷಯವನ್ನು ಬೆಳೆಸದೆ ಒಳಕಲ್ಲ ತೀರ್ಥದ ಸಂಗತಿಯನ್ನು ಮಾತ್ರ ಹೇಳುವೆವು. ಬಂಡೆಯೊಳಗೆ ಒರಳಿನಂಥ ಒಂದು ಗುಳಿಯುಂಟು. ಅದರೊಳಗೆ ಕೈಯಿಳಿಸಿದಾಗ ನೀರು ತಾಕಿದವನು ಪುಣ್ಯವಂತನೆಂದು ನಂಬಿಕೆ. ನಮ್ಮ ಗುಂಪಿನ ಮಕ್ಕಳೆಲ್ಲರೂ ಕೈಯಿಳಿಸಿದರು. ಒಬ್ಬ ಹುಡುಗಿಯು ತನ್ನ ತಾತನನ್ನು, “ತಾತಾ, ಇಷ್ಟು ಎತ್ತರದ ಕಲ್ಲಿನೊಳಕ್ಕೆ ನೀರು ಹೇಗೆ ಬಂತು?” ಎಂದು ಕೇಳಿದಳು.

ಈ ಪ್ರಶ್ನೆಯೇ ಆ ದಿನದ ಮುಖ್ಯ ಪ್ರಶ್ನೆಯಾಯಿತೆನ್ನಬಹುದು. ಬಂಡೆಯು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕುಗಳುಂಟು. ಮಳೆಯ ನೀರು ಆ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿದು, ಮಳೆಗಾಲವು ಕಳೆದ ಮೇಲೆಯೂ ಸ್ವಲ್ಪಸ್ವಲ್ಪವಾಗಿ ಒಸರುತ್ತಿರುವುದು. ನಮ್ಮ ಬಯಲುಸೀಮೆಯ ಹೊಳೆಗಳಿಗೆಲ್ಲ ಇದೇ ಆಧಾರ. ಇಲ್ಲಿ ಹಿಮದ ಪರ್ವತಗಳಿಲ್ಲ. ಮಳೆ ನಿಂತ ಮೇಲೆ ಹೊಳೆಯಲ್ಲಿ ಹರಿಯುವುದೆಲ್ಲ ನೆಲವು ಕುಡಿದು ಹಿಂದಕ್ಕೆ ಕೊಟ್ಟ ನೀರೇ ಹೊರತು ಬೇರೆಯಲ್ಲ.

ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಹೊಳೆಗೆ ಕುಮುದ್ವತಿಯೆಂದು ಹೆಸರು. ನೆಲಮಂಗಲ, ಮಾಗಡಿ ತಾಲ್ಲೂಕುಗಳ ಹಳ್ಳಿಗಳ ನಡುವೆ ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಇದು ಅರ್ಕಾವತಿಯನ್ನು ಸೇರುವುದು. ಅರ್ಕಾವತಿಯು ನಂದಿಯ ಬೆಟ್ಟದಲ್ಲಿ ಹುಟ್ಟಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ಬೆಂಗಳೂರಿನವರು ಈ ಎರಡು ಹೊಳೆಗಳಿಗೂ ಋಣಿಗಳು. 1890ರ ದಶಕದಲ್ಲಿ ಅರ್ಕಾವತಿಯ ಹೆಸರುಘಟ್ಟದ ಕೆರೆಯಿಂದ ನಗರಕ್ಕೆ ಕೊಳಾಯಿಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಸಂಗಮದಲ್ಲಿ ಚಾಮರಾಜಸಾಗರವನ್ನು ಕಟ್ಟಿದರು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ನಗರದ ಮನೆಮನೆಯ ಹಂಡೆಯನ್ನು ತುಂಬಿದ್ದು ಈ ಹೊಳೆಗಳೇ.

ಬೆಟ್ಟವನ್ನಿಳಿದು, ಬುತ್ತಿಯ ಮೊಸರನ್ನವನ್ನು ಮುಗಿಸಿಕೊಂಡು, ನಾವು ಕಣಿವೆಯ ದಾರಿ ಹಿಡಿದೆವು. ಹೊಲಗಳಲ್ಲಿ ರಾಗಿಯ ತೆನೆ ಬಾಗಿದ್ದಿತು. ಸಾಲುಗಳ ನಡುವೆ ಅವರೆಯು ಹೂಬಿಟ್ಟಿದ್ದಿತು. ಹಳ್ಳದ ಮೇಲ್ಭಾಗದಲ್ಲಿ ಅಲ್ಲಲ್ಲಿ ಕಾಡುಗಲ್ಲುಗಳನ್ನು ಅಡ್ಡಲಾಗಿ ಒಟ್ಟಿದ ಸಣ್ಣಸಣ್ಣ ತಡೆಗಳು ಕಂಡವು. ಅವುಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಓಡಿಬರುವ ನೀರಿನ ವೇಗವನ್ನು ತಗ್ಗಿಸಿ, ಮಣ್ಣನ್ನು ಹಿಂದೆ ನಿಲ್ಲಿಸಿ, ನೀರನ್ನು ಮುಂದಕ್ಕೆ ಬಿಡುವುದಷ್ಟೇ ಅವುಗಳ ಕೆಲಸ. ಇನ್ನೂ ಕೆಳಗೆ ಹಳ್ಳದ ಪಾತ್ರದಲ್ಲಿ ಇಂಗುಬಾವಿಗಳನ್ನು ತೋಡಿರುವರು. ತಡೆಗಳಿಂದ ತಿಳಿಯಾಗಿ ಬಂದ ನೀರು ಅವುಗಳ ಮೂಲಕ ಆಳದ ಬಿರುಕುಗಳನ್ನು ಸೇರುವುದು. ಒಳಕಲ್ಲ ತೀರ್ಥದಲ್ಲಿ ಪ್ರಕೃತಿಯು ತಾನೇ ಮಾಡಿರುವುದನ್ನು ಇಲ್ಲಿ ಮನುಷ್ಯನು ಗುದ್ದಲಿ ಹಿಡಿದು ಮಾಡಬೇಕಾಗಿ ಬಂದಿದೆ.

ಹಾಗೇಕೆ ಬಂದಿತೆಂಬುದನ್ನು ಹೇಳಬೇಕು. ಹೊಳೆ ಬತ್ತಿತೆಂದರೆ ಮಳೆ ಕಡಿಮೆಯಾಯಿತೆನ್ನುವುದು ನಮ್ಮೆಲ್ಲರ ರೂಢಿ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿಯ ವಿಷಯವಾಗಿ 2015ರಲ್ಲಿ ಪ್ರಕಟಿಸಿದ ಬರಹದಲ್ಲಿ ಈ ರೂಢಿಯ ಮಾತನ್ನು ಒಪ್ಪಲಿಲ್ಲ. ತಿಪ್ಪಗೊಂಡನಹಳ್ಳಿಗೆ ಹರಿದುಬರುವ ನೀರು 1975ಕ್ಕೆ ಮೊದಲು ಇದ್ದುದರ ಸುಮಾರು ಆರರಲ್ಲೊಂದು ಪಾಲಿಗೆ ಇಳಿದಿದ್ದರೂ, ಅದಕ್ಕೆ ತಕ್ಕಂತೆ ಮಳೆಯೇನೂ ಇಳಿದಿರಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ರಾಗಿಯ ಹೊಲಗಳಲ್ಲಿ ನೀಲಗಿರಿಯ ತೋಪುಗಳು ಹಬ್ಬಿದ್ದು, ಇವೇ ಮುಖ್ಯ ಕಾರಣಗಳಾಗಿ ಅವರಿಗೆ ಕಂಡುವು. ನೆಲದೊಳಗಿನ ನೀರು ಹೊಳೆಯ ಪಾತ್ರಕ್ಕಿಂತ ಕೆಳಗಿಳಿದ ಮೇಲೆ ನೆಲವು ಹೊಳೆಗೆ ಕೊಡುವುದು ನಿಂತಿತು. 2012ರ ಸುಮಾರಿಗೆ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಬರುವುದೂ ನಿಂತಿತು. ನಗರವು ಕಾವೇರಿಯ ಕಡೆಗೆ ಕೈನೀಡಿತು. ಕೈನೀಡಲು ಬೇರೆ ಹೊಳೆಯಿಲ್ಲದ ಹಳ್ಳಿಗಳವರು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸಿದರು.

2013ರಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯು ಕುಮುದ್ವತಿಯ ಪುನರುಜ್ಜೀವನದ ಕೆಲಸವನ್ನಾರಂಭಿಸಿತು. ಉಪಗ್ರಹದ ಚಿತ್ರಗಳಿಂದ ನೆಲದ ಇಳಿಜಾರನ್ನೂ ಬಿರುಕುಗಳನ್ನೂ ಗುರುತಿಸಿ, ಎಲ್ಲಿ ಕಲ್ಲು ಒಟ್ಟಬೇಕು, ಎಲ್ಲಿ ಬಾವಿ ತೋಡಬೇಕೆಂದು ನಿರ್ಣಯಿಸಿದರು. ಹಳ್ಳಿಗರೂ ಸ್ವಯಂಸೇವಕರೂ ಕೈಗೂಡಿಸಿದರು, ಹಳೆಯ ಕಲ್ಯಾಣಿಗಳ ಹೂಳನ್ನು ತೆಗೆದರು, ಸಸಿಗಳನ್ನು ನೆಟ್ಟರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು.

ಇಷ್ಟನ್ನೂ ಕೇಳಿದ ನಮ್ಮ ಗುಂಪಿನ ಹಿರಿಯರೊಬ್ಬರು ಹಳ್ಳದ ಮರಳನ್ನು ಕೋಲಿನಿಂದ ಕೆದಕಿ, “ಎಲ್ಲ ಸರಿ, ಹೊಳೆಯೆಲ್ಲಿ?” ಎಂದರು. ನಾವು ನಿಂತಿದ್ದ ಸ್ಥಳದಲ್ಲಿ ಮಳೆ ನಿಂತು ಹದಿನೈದು ದಿನಗಳಾಗಿದ್ದುವು. ತಗ್ಗುಗಳಲ್ಲಿ ನೀರು ನಿಂತಿದ್ದಿತೇ ಹೊರತು ಹರಿಯುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ದನ ಮೇಯಿಸುತ್ತಿದ್ದ ವೃದ್ಧರೊಬ್ಬರು ಈ ಮಾತನ್ನು ಕೇಳಿ ಬದುವಿನ ಮೇಲೆ ಬಂದು ಕುಳಿತರು.

“ನಮ್ಮಪ್ಪನ ಕಾಲದಲ್ಲಿ ಸಂಕ್ರಾಂತಿಗೂ ಇಲ್ಲೇ ಎತ್ತಿನ ಮೈ ತೊಳೀತಿದ್ರು ಸ್ವಾಮಿ. ಆಮೇಲೆ ಹಳ್ಳ ಅನ್ನೋದು ಬರೀ ಹೆಸರಾಯ್ತು. ನಾನು ಮೂರು ಬೋರು ಕೊರೆಸಿದೆ. ಎರಡರಲ್ಲಿ ಬರೀ ಧೂಳು ಬಂತು.”

“ಈಗ ಹೇಗೆ ಯಜಮಾನರೇ?” ಎಂದು ಕೇಳಿದೆವು.

“ಮಳೆ ಚೆನ್ನಾಗಿ ಹುಯ್ದ ವರ್ಷ ಬಾವೀಲಿ ನೀರು ಕಾಣ್ತದೆ. ಹೊಳೆ ಬಂತು ಅನ್ನೋಕಾಗಲ್ಲ. ಬಾವಿಗೆ ಬಂತು ಅನ್ನಬಹುದು.”

ನಮ್ಮ ಹಿರಿಯರಿಗೆ ಇದರಿಂದ ಸಮಾಧಾನವಾದಂತೆ ತೋರಲಿಲ್ಲ. ಆದರೆ ನಮಗೆ ಆ ವೃದ್ಧರ ಮಾತು ತೂಕವಾದುದೆಂದು ತೋರಿತು. ಹೊಳೆಯು ಬತ್ತುವಾಗ ಮೊದಲು ಬಾವಿ ಬತ್ತಿ, ಅನಂತರ ಹೊಳೆ ಬತ್ತಿತು. ಮರಳುವಾಗಲೂ ಬಾವಿಯೇ ಮೊದಲು. ನಲವತ್ತು ವರ್ಷಗಳಲ್ಲಿ ಬರಿದಾದ ಕಣಜವು ನಾಲ್ಕು ಮಳೆಗಾಲಗಳಲ್ಲಿ ತುಂಬಲಾರದು. ಬಾವಿಗೆ ಬಂದ ನೀರನ್ನು ಕಂಡೊಡನೆ ಇನ್ನೊಂದು ಬೋರು ಕೊರೆಸಿ ಮೇಲೆತ್ತಿದೆವಾದರೆ ಅದೆಂದಿಗೂ ಹೊಳೆಯನ್ನು ಮುಟ್ಟಲಾರದು. ತುಂಬಿಸುವ ಕೆಲಸವನ್ನು ಸಂಘಸಂಸ್ಥೆಗಳು ಮಾಡಬಹುದು; ಕಡಿಮೆ ಎತ್ತುವ ಕೆಲಸವನ್ನು ಪ್ರತಿಯೊಬ್ಬ ಗೃಹಸ್ಥನೂ ತಾನೇ ಮಾಡಬೇಕು. ಪುನರುಜ್ಜೀವನದ ಕಷ್ಟದ ಪಾಲು ಎರಡನೆಯದು.

ಇದು ನೆಲಮಂಗಲದವರಿಗೆ ಮಾತ್ರ ಹೇಳುವ ಬುದ್ಧಿವಾದವಲ್ಲ. ಗೊಟ್ಟಿಗೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಆ ಕೆರೆಯ ಕೋಡಿಯ ನೀರು ಹುಳಿಮಾವು, ಮಡಿವಾಳದ ಕೆರೆಗಳ ಸರಣಿಯನ್ನು ಹಿಡಿದು ಬೆಳ್ಳಂದೂರಿನ ಕಡೆಗೆ, ಅಲ್ಲಿಂದ ದಕ್ಷಿಣಪಿನಾಕಿನಿಗೆ ಸಾಗತಕ್ಕದ್ದು. ನಗರಕ್ಕೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಎತ್ತಿ ತರುವ ನಾವು, ಮನೆಯ ತಾರಸಿಯ ಮೇಲೆ ಪುಕ್ಕಟೆಯಾಗಿ ಬಿದ್ದ ನೀರನ್ನು ಚರಂಡಿಗೆ ಬಿಡುವೆವು. 2024ರ ಬೇಸಿಗೆಯಲ್ಲಿ ನಗರದ ಅಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತುದನ್ನು ಗೃಹಿಣಿಯರು ಮರೆತಿರಲಾರರು.

ಆದ್ದರಿಂದ ಶಿವಗಂಗೆಗೆ ಹೋಗುವ ವಾಚಕರಿಗೆ ನಮ್ಮ ಸೂಚನೆಗಳಿಷ್ಟು. ಬಿಸಿಲೇರುವ ಮೊದಲೇ ಬೆಟ್ಟ ಹತ್ತಿರಿ. ಮೇಲಿನ ಮೆಟ್ಟಿಲುಗಳು ಕಡಿದಾಗಿರುವುದರಿಂದ ಮಕ್ಕಳ ಕೈಬಿಡಬೇಡಿರಿ. ಬುತ್ತಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಕಟ್ಟಿಕೊಳ್ಳಿರಿ. ದೇವರ ದರ್ಶನವಾದ ಮೇಲೆ ಒಂದು ಗಂಟೆಯ ಹೊತ್ತನ್ನು ಕಣಿವೆಗಾಗಿ ಉಳಿಸಿಕೊಂಡು, ಆ ಕಲ್ಲಿನ ತಡೆಗಳನ್ನು ಮಕ್ಕಳಿಗೆ ತೋರಿಸಿರಿ. ಹಿಂದಿರುಗಿದ ಮೇಲೆ ಮುಂದಿನ ಮಳೆಗೆ ಮೊದಲು ತಾರಸಿಯ ಕೊಳವೆಯ ಬಾಯಿ ಎತ್ತ ತಿರುಗಿದೆಯೆಂದು ನೋಡಿರಿ. ಅದು ಬೀದಿಯ ಕಡೆಗಿದ್ದರೆ ಒಂದು ಇಂಗುಗುಂಡಿಯ ಕಡೆಗೆ ತಿರುಗಿಸಿರಿ. ಖರ್ಚು ಒಂದು ಹಬ್ಬದ್ದಕ್ಕಿಂತ ಹೆಚ್ಚೇನೂ ಆಗದು. ಫಲವು ಮಾತ್ರ ಮಕ್ಕಳ ಕಾಲಕ್ಕೂ ನಿಲ್ಲುವುದು.