ಮಳೆಗಾಲದ ಮಂಕು ಮತ್ತು ಥೈರಾಯ್ಡ್: ಮಲೆನಾಡಿಗೆ ಬೇಕಾದ ಬೆಳಕಿನ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷ ಮುಗಿಯುವವರೆಗೆ ಸೂರ್ಯದರ್ಶನ ಅಪರೂಪ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಆಗುಂಬೆಯನ್ನೂ ಹಿಂದಿಕ್ಕುತ್ತದೆ. ಮಳೆಯ ಈ ಲೆಕ್ಕ ಪ್ರತಿದಿನ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆದರೆ ಅದೇ ಅವಧಿಯಲ್ಲಿ ಜನರ ಪಾಲಿಗೆ ಇಲ್ಲವಾಗುವ ಬೆಳಕಿನ ಲೆಕ್ಕವನ್ನು ಇಟ್ಟವರಿಲ್ಲ.

'ಮಳೆಗಾಲದ ಜಡ' ಎಂಬ ಮಾತು ಮಲೆನಾಡಿನಲ್ಲಿ ಸಾಮಾನ್ಯ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಕೈಕಾಲು ಭಾರ, ಮೈಯೆಲ್ಲ ಚಳಿ, ಯಾವುದರಲ್ಲೂ ಆಸಕ್ತಿಯಿಲ್ಲ. ಬಿಸಿಲು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಮಾಧಾನದಲ್ಲಿ ದಿನಗಳು ಕಳೆಯುತ್ತವೆ. ಅನೇಕರ ಪಾಲಿಗೆ ಅದು ನಿಜವೂ ಹೌದು. ಆದರೆ ಇವೇ ಲಕ್ಷಣಗಳು ಥೈರಾಯ್ಡ್ ಗ್ರಂಥಿಯ ಸ್ರಾವ ಕುಂದಿದಾಗಲೂ ಕಾಣಿಸಿಕೊಳ್ಳುತ್ತವೆ, ಖಿನ್ನತೆಯಲ್ಲೂ ಕಾಣಿಸಿಕೊಳ್ಳುತ್ತವೆ. ಮೂರನ್ನೂ ಒಂದೇ ಮಾತಿನಲ್ಲಿ ಮುಚ್ಚಿಬಿಡುವುದರಿಂದ ಚಿಕಿತ್ಸೆ ಅಗತ್ಯವಿರುವವರು, ವಿಶೇಷವಾಗಿ ಮಹಿಳೆಯರು, ತಿಂಗಳುಗಟ್ಟಲೆ ಹಿಂದುಳಿಯುತ್ತಾರೆ ಎಂಬುದೇ ಇಲ್ಲಿರುವ ನಿಜವಾದ ಸಮಸ್ಯೆ.

ಹಗಲು ದೀರ್ಘ, ಬೆಳಕು ಕಡಿಮೆ

ಋತುಮಾನಕ್ಕೆ ತಕ್ಕಂತೆ ಬರುವ ಖಿನ್ನತೆಯನ್ನು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಚಳಿಗಾಲದಲ್ಲಿ ಹಗಲು ಅತಿ ಚಿಕ್ಕದಾಗುವ ಉತ್ತರದ ದೇಶಗಳ ಅನುಭವ ಅದಕ್ಕೆ ಆಧಾರ. ಆ ಅಳತೆಗೋಲನ್ನು ಯಥಾವತ್ತಾಗಿ ಮಲೆನಾಡಿಗೆ ತರುವಂತಿಲ್ಲ. ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರುವ ಈ ಪ್ರದೇಶದಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲು ಕೂಡ 11 ತಾಸಿಗಿಂತ ಹೆಚ್ಚಿರುತ್ತದೆ. ಜೂನ್‌ನ ಹಗಲು 13 ತಾಸಿಗೆ ಸಮೀಪಿಸುತ್ತದೆ. ವಿಚಿತ್ರವೆಂದರೆ, ಹಗಲು ಅತ್ಯಂತ ದೀರ್ಘವಾಗಿರುವ ತಿಂಗಳುಗಳೇ ಇಲ್ಲಿ ಅತ್ಯಂತ ಮಬ್ಬಿನ ತಿಂಗಳುಗಳು. ಇಲ್ಲಿ ಬೆಳಕನ್ನು ಕಸಿಯುವುದು ಭೂಮಿಯ ಓರೆಯಲ್ಲ, ಮೋಡ.

ಮೋಡಕ್ಕೆ ಮನೆಯೂ ಸೇರಿಕೊಳ್ಳುತ್ತದೆ. ಇರಿಚಲು ತಡೆಯಲು ಜಗುಲಿ, ಗೋಡೆಗಳ ಹೊರಮೈಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಪದ್ಧತಿ ಇಲ್ಲಿ ಹಳೆಯದು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆಯೂ ಬಂದಿದೆ. ಗೋಡೆ ಉಳಿಯುತ್ತದೆ, ಒಳಗೆ ನಡುಹಗಲಿನಲ್ಲೂ ಮುಸ್ಸಂಜೆ. ತೋಟಕ್ಕೆ ಹೋಗುವ ಗಂಡಸರಿಗೆ ಕೊಳೆರೋಗದ ಔಷಧಿ ಹೊಡೆಯುವ ನೆಪದಲ್ಲಾದರೂ ಆಕಾಶ ಕಾಣುತ್ತದೆ. ಅಡುಗೆಮನೆಯಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಅಂಕಿಗಳಲ್ಲಿ ಹೇಳುವುದಾದರೆ, ಬೆಳಕಿನ ಪ್ರಮಾಣವನ್ನು 'ಲಕ್ಸ್' ಎಂಬ ಮಾನದಿಂದ ಅಳೆಯುತ್ತಾರೆ. ನಿಚ್ಚಳ ಬಿಸಿಲಿನಲ್ಲಿ ಅದು 1,00,000 ಲಕ್ಸ್ ತಲುಪಬಲ್ಲದು. ದೀಪ ಹಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಮಾತ್ರ. ಮೋಡ ಕವಿದ ಹಗಲಿನಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ಅರಿವಿಗೆ ಬರುವುದಿಲ್ಲ. ದೇಹದ ಗಡಿಯಾರಕ್ಕೆ ಮಾತ್ರ ಬರುತ್ತದೆ.

ಕಣ್ಣಿನ ದಾರಿ, ಚರ್ಮದ ದಾರಿ

ಬೆಳಕು ದೇಹವನ್ನು ಎರಡು ದಾರಿಗಳಿಂದ ಪ್ರವೇಶಿಸುತ್ತದೆ. ಮೊದಲನೆಯದು ಕಣ್ಣು. ನೋಟಕ್ಕೆ ಸಂಬಂಧಪಡದೆ, ಹೊರಗೆ ಹಗಲೋ ಇರುಳೋ ಎಂಬುದನ್ನಷ್ಟೇ ಮಿದುಳಿಗೆ ವರದಿ ಮಾಡುವ ವಿಶೇಷ ಕೋಶಗಳು ಅಕ್ಷಿಪಟಲದಲ್ಲಿವೆ ಎಂಬುದು 2002ರಲ್ಲಿ ಸ್ಪಷ್ಟವಾಯಿತು. ಆ ವರದಿ ಹೈಪೋಥಲಾಮಸ್‌ನಲ್ಲಿರುವ ಮುಖ್ಯ ಗಡಿಯಾರವನ್ನು ಸರಿಪಡಿಸುತ್ತದೆ. ಬೆಳಗಿನ ಬೆಳಕು ಅದನ್ನು ಹದದಲ್ಲಿಡುತ್ತದೆ; ರಾತ್ರಿಯ ಪ್ರಖರ ದೀಪ ಮತ್ತು ಮೊಬೈಲ್ ಪರದೆಯ ನೀಲಿ ಬೆಳಕು ಮೆಲಟೋನಿನ್ ಸ್ರಾವವನ್ನು ತಡೆದು ನಿದ್ರೆಯನ್ನು ಹಿಂದೂಡುತ್ತವೆ. ಇಂಥ ಗಡಿಯಾರಗಳ ಅಣುಮಟ್ಟದ ಕಾರ್ಯವಿಧಾನವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಸಂದಿತು.

ಎರಡನೆಯ ದಾರಿ ಚರ್ಮ. ಬಿಸಿಲಿನ ಅತಿನೇರಳೆ ಕಿರಣದಿಂದ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ಈ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ, ದಟ್ಟ ಮೋಡದಲ್ಲಿ ಬಹುಪಾಲು ಕ್ಷೀಣಿಸುತ್ತದೆ. ಆದ್ದರಿಂದ ಕಿಟಕಿಯ ಬಳಿ ಕುಳಿತರೆ ಮನಸ್ಸಿಗೆ ಪ್ರಯೋಜನವಾದೀತು, ಡಿ ಜೀವಸತ್ವ ದೊರೆಯದು. ಈ ಎರಡು ದಾರಿಗಳನ್ನು ಬೆರೆಸಿ ಮಾತನಾಡುವುದರಿಂದಲೇ ಹಲವು ಗೊಂದಲಗಳು ಹುಟ್ಟಿವೆ.

ಥೈರಾಯ್ಡ್‌ಗೂ ಬೆಳಕಿಗೂ ಏನು ಸಂಬಂಧ?

ಪಕ್ಷಿಗಳಲ್ಲಿ ಈ ಸಂಬಂಧ ನೇರವಾದದ್ದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೋಶಿಮುರಾ ಮತ್ತು ಸಂಗಡಿಗರು ಲಾವಕ್ಕಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹಗಲು ದೀರ್ಘವಾದಾಗ ಪಿಟ್ಯುಟರಿಯ ಒಂದು ಭಾಗದಲ್ಲಿ ಟಿಎಸ್‌ಎಚ್ ಉತ್ಪತ್ತಿಯಾಗಿ, ಮಿದುಳಿನೊಳಗಿನ ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸಿ ಸಂತಾನಋತುವನ್ನು ಆರಂಭಿಸುತ್ತದೆ. ಮನುಷ್ಯನಿಗೆ ಅಂಥ ಋತುವಿಲ್ಲ. ಆದರೆ ಟಿಎಸ್‌ಎಚ್ ದಿನಚಕ್ರಕ್ಕೆ ಒಳಪಟ್ಟಿದೆ: ನಡುರಾತ್ರಿಯ ನಂತರ ಏರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ನಿದ್ರೆಗೆಟ್ಟರೆ ಈ ಏರಿಳಿತ ಬದಲಾಗುತ್ತದೆ. ಹಲವು ದೇಶಗಳಲ್ಲಿ ಚಳಿಯ ತಿಂಗಳುಗಳಲ್ಲಿ ಅದು ತುಸು ಮೇಲೇರುವುದೂ ದಾಖಲಾಗಿದೆ.

ಇದರ ವ್ಯಾವಹಾರಿಕ ಅರ್ಥ ಗಮನಾರ್ಹ. ಒಮ್ಮೆ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟು, ಮುಂದಿನ ಸಲ ಬಸ್ ತಡವಾಗಿ ಮಧ್ಯಾಹ್ನ ಎರಡಕ್ಕೆ ಕೊಟ್ಟರೆ ಎರಡು ಫಲಿತಾಂಶಗಳು ಹೋಲಿಕೆಗೆ ಸಿಗುವುದಿಲ್ಲ. ಟಿಎಸ್‌ಎಚ್ ಅಲ್ಪ ಪ್ರಮಾಣದಲ್ಲಿ ಏರಿದೆ ಎಂಬ ಒಂದೇ ವರದಿಯ ಮೇಲೆ ಜೀವನಪೂರ್ತಿ ಮಾತ್ರೆ ಆರಂಭಿಸುವ ಬದಲು, ಅದೇ ವೇಳೆಯಲ್ಲಿ ಮರುಪರೀಕ್ಷೆ ಮಾಡಿಸುವುದು ವಿವೇಕ. ಗರ್ಭಿಣಿಯರ ವಿಷಯ ಮಾತ್ರ ಬೇರೆ. ಅಲ್ಲಿ ವಿಳಂಬಕ್ಕೆ ಅವಕಾಶವಿಲ್ಲ, ಮಗುವಿನ ಮಿದುಳಿನ ಬೆಳವಣಿಗೆಯೇ ತಾಯಿಯ ಹಾರ್ಮೋನನ್ನು ಅವಲಂಬಿಸಿದೆ.

ಡಿ ಜೀವಸತ್ವದ ಕೊರತೆಗೂ, ದೇಹವೇ ತನ್ನ ಥೈರಾಯ್ಡ್ ಮೇಲೆ ಎರಗುವ ಹಾಶಿಮೊಟೊ ಕಾಯಿಲೆಗೂ ನಂಟು ಕಂಡುಬಂದಿದೆ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಬ್ರೆಜಿಲ್‌ನಲ್ಲಿ ಕೆಲವೇ ರೋಗಿಗಳ ಮೇಲೆ, ವೈದ್ಯರ ನಿಗಾದಲ್ಲಿ ನಡೆದ ಲೇಸರ್ ಪ್ರಯೋಗವನ್ನು ಮುಂದಿಟ್ಟುಕೊಂಡು ಕೆಂಪು ದೀಪ ಮಾರುವವರ ಮಾತನ್ನು ನಂಬಿ ಮಾತ್ರೆ ಬಿಡುವುದು ಅಪಾಯಕಾರಿ. ಬಿಸಿಲು ಮನಸ್ಸಿಗೆ ಮದ್ದಾಗಬಹುದು. ಸೊರಗಿದ ಗ್ರಂಥಿಗೆ ಅದು ಬದಲಿಯಲ್ಲ.

ಉಪ್ಪಿನ ಮರಿಗೆಯಿಂದ ಮಾತ್ರೆಯವರೆಗೆ

ಮಳೆ ಥೈರಾಯ್ಡ್ ಅನ್ನು ಕಾಡುವುದು ಬೆಳಕಿನ ಮೂಲಕ ಮಾತ್ರವಲ್ಲ. ಭಾರೀ ಮಳೆ ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದೊಯ್ಯುತ್ತದೆ. ದೇಶದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಅಯೋಡಿನ್‌ಯುಕ್ತ ಉಪ್ಪು ಮನೆಮನೆ ತಲುಪಿದ್ದು ಈ ಕಾರಣಕ್ಕೇ. ಬಳಕೆದಾರನ ಕೈಗೆ ಬರುವಾಗ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬುದು ನಿಯಮ. ಆದರೆ ಒಲೆಯ ಪಕ್ಕದ ಮರಿಗೆಯಲ್ಲಿ ತೆರೆದಿಟ್ಟ ಉಪ್ಪು ಮಳೆಗಾಲದಲ್ಲಿ ನೀರೊಡೆದಾಗ ಅಯೋಡಿನ್ ನಷ್ಟವಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಅಡುಗೆಯ ಕೊನೆಯಲ್ಲಿ ಹಾಕುವುದು ಖರ್ಚಿಲ್ಲದ ಪರಿಹಾರ.

ಮಾತ್ರೆಯ ಕಥೆಯೂ ಇದೇ. ಥೈರಾಕ್ಸಿನ್ ಮಾತ್ರೆ ತೇವ, ಶಾಖ, ಬೆಳಕು ಮೂರಕ್ಕೂ ಸೂಕ್ಷ್ಮ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಳೆದ ಮೇಲೆಯೇ ಕಾಫಿ ಕುಡಿಯಬೇಕು. ಚಳಿಯ ಬೆಳಗಿನಲ್ಲಿ ಎದ್ದೊಡನೆ ಬಿಸಿ ಕಾಫಿ ಬಯಸುವ ಮಲೆನಾಡಿನಲ್ಲಿ ಇದು ಸುಲಭದ ಪಥ್ಯವಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ತಾಸಿನ ಅಂತರ ಬೇಕು. ಮಳೆಯಲ್ಲಿ ಹಳ್ಳ ಉಕ್ಕಿ ದಾರಿ ಕಡಿದಾಗ ಮಾತ್ರೆ ಮುಗಿದರೆ, ವಾರಗಳ ನಂತರ ಮರಳುವ ಸುಸ್ತಿಗೂ 'ಮಳೆಗಾಲದ ಜಡ' ಎಂದೇ ಹೆಸರು ಬೀಳುತ್ತದೆ.

ದೀಪದ ಬುಡದ ಕತ್ತಲೆ

ಈ ಪ್ರದೇಶದ ಮಟ್ಟಿಗೆ ಕೃತಕ ಬೆಳಕಿಗೆ ಒಂದು ಇತಿಹಾಸವಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿನ ನಗರಗಳನ್ನು ಬೆಳಗಿತು. ಹಿನ್ನೀರಿನಾಚೆಯ ಕರೂರು, ಬಾರಂಗಿ ಭಾಗದ ಜನ ಮಾತ್ರ ಆಸ್ಪತ್ರೆಗೆ ದಶಕಗಳ ಕಾಲ ಲಾಂಚನ್ನೇ ನೆಚ್ಚಬೇಕಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದಾಗ ಆ ಕೊರತೆ ನೀಗಿತು. ಆದರೂ ಮೂರು ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆ ಬಹುದೂರವೇ ಉಳಿದಿದೆ. ಮಂಗನ ಕಾಯಿಲೆಯಂಥ ಎದ್ದುಕಾಣುವ ರೋಗ ಬಂದಾಗ ಆಡಳಿತ ಎಚ್ಚೆತ್ತುಕೊಳ್ಳುತ್ತದೆ. ಮೌನವಾಗಿ ಕುಳಿತ ಗೃಹಿಣಿಯ ಸುಸ್ತು ಯಾವ ಪ್ರಕಟಣೆಯಲ್ಲೂ ಸೇರುವುದಿಲ್ಲ.

ಪರಿಹಾರಗಳು ದುಬಾರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಗದಿತ ದಿನ ಬೆಳಿಗ್ಗೆ ರಕ್ತದ ಮಾದರಿ ಸಂಗ್ರಹಿಸಿ ತಾಲ್ಲೂಕು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಮಳೆಗಾಲಕ್ಕೆ ಮೊದಲೇ ಎರಡು-ಮೂರು ತಿಂಗಳ ಮಾತ್ರೆ ಒಮ್ಮೆಗೇ ವಿತರಿಸಬಹುದು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಮನಸ್ಸಿನ ಕ್ಷೇಮವನ್ನೂ ವಿಚಾರಿಸಬಹುದು. ಮಾನಸಿಕ ನೆರವಿಗೆ 14416 ಸಂಖ್ಯೆಯ ಟೆಲಿಮಾನಸ್ ಉಚಿತ ಸೇವೆ 2022ರಿಂದ ಲಭ್ಯವಿದೆ. ಮನೆಯ ಮಟ್ಟಿಗೆ, ಮಳೆ ಹೊಳವಾದ ಅರ್ಧ ತಾಸು ಅಂಗಳದಲ್ಲಿ ಕಳೆಯುವುದು, ತಟ್ಟಿ ಕಟ್ಟುವಾಗ ಒಂದು ಕಡೆಯಾದರೂ ಬೆಳಕಿಂಡಿ ಉಳಿಸುವುದು, ರಾತ್ರಿ ಮಲಗುವ ಮುನ್ನ ದೀಪ ಮತ್ತು ಮೊಬೈಲ್ ಇಳಿಸುವುದು ಎಲ್ಲರಿಗೂ ಸಾಧ್ಯ.

ಮಘೆ ಮಳೆ ಇಳಿದು ಬಿಸಿಲು ಮೂಡಿದ ಮೇಲೂ ಸುಸ್ತು, ಬೇಸರ ತೊಲಗದಿದ್ದರೆ ಅದಕ್ಕೆ ಮೋಡ ಕಾರಣವಲ್ಲ. ಕುತ್ತಿಗೆಯಲ್ಲಿ ಊತ, ಧ್ವನಿಯಲ್ಲಿ ಬದಲಾವಣೆ, ಮುಟ್ಟಿನ ಏರುಪೇರು ಜೊತೆಗಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಬಿಸಿಲಿಗಾಗಿ ಕಾಯುವಂತೆಯೇ ಇಲ್ಲ. ಮಳೆ ಹೋದೀತು ಎಂದು ಕಾಯುವುದು ಮಲೆನಾಡಿಗರಿಗೆ ಹುಟ್ಟಿನಿಂದ ಬಂದ ತಾಳ್ಮೆ. ಆರೋಗ್ಯದ ವಿಷಯದಲ್ಲಿ ಮಾತ್ರ ಆ ತಾಳ್ಮೆಗೆ ಒಂದು ಗಡುವು ಇರಬೇಕಾಗಿದೆ.