ಹೆಚ್ಚು ಸುರಿದರೆ ಹೆಚ್ಚು ಶುಚಿಯೆ?

ನೆಲಕ್ಕೆ ಹಾಸಿದ ರತ್ನಗಂಬಳಿಯನ್ನು ತೊಳೆಯುವ ವಿಚಾರ ವಿಜ್ಞಾನ ಪತ್ರಿಕೆಯಲ್ಲಿ ಚರ್ಚಿಸತಕ್ಕದ್ದೆ ಎಂದು ಕೆಲವು ವಾಚಕರಿಗೆ ಸಂದೇಹ ಬರಬಹುದು. ನಕ್ಷತ್ರಗಳ ಹುಟ್ಟುಸಾವು, ಪರಮಾಣುವಿನ ಗರ್ಭ, ಇವು ವಿಜ್ಞಾನ. ಬಕೀಟು, ಬ್ರಷ್ಷು, ಸಾಬೂನು ನೀರು, ಇವು ಬರಿಯ ಚಾಕರಿ ಎಂಬ ಭೇದವನ್ನು ನಾವು ಬಹುಕಾಲದಿಂದ ಪೋಷಿಸಿಕೊಂಡು ಬಂದಿದ್ದೇವೆ. ಈ ಭೇದ ಸುಳ್ಳೆಂಬುದು ನನ್ನ ಮತ. ಹೋಟೆಲು, ಕಚೇರಿ, ಸಭಾಭವನಗಳಲ್ಲಿ ರತ್ನಗಂಬಳಿ ತೊಳೆಯುವುದನ್ನೇ ಕಸುಬಾಗಿ ಉಳ್ಳವರು ದಿನವೂ ಭೌತ ರಸಾಯನ ಶಾಸ್ತ್ರಗಳ ಪ್ರಶ್ನೆಗಳನ್ನು ಎದುರಿಸುತ್ತಾರೆ. ಅವರ ಉತ್ತರ ತಪ್ಪಾದರೆ ಹೋಗುವುದು ಪರೀಕ್ಷೆಯ ಅಂಕವಲ್ಲ. ಬೆಲೆಬಾಳುವ ನೇಯ್ಗೆ ಹೋಗುತ್ತದೆ, ಒಮ್ಮೊಮ್ಮೆ ಮನುಷ್ಯರ ಆರೋಗ್ಯವೂ ಕೆಡುತ್ತದೆ.

ಈ ಕಸುಬಿನಲ್ಲಿಯೂ ನಮ್ಮ ಮನೆಗಳಲ್ಲಿಯೂ ಬೇರೂರಿರುವ ನಂಬಿಕೆಯೊಂದುಂಟು: ದ್ರಾವಣ ಎಷ್ಟು ಖಾರವಾಗಿದ್ದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ಸುರಿದರೆ ಅಷ್ಟು ಶುಚಿ. ಜಾಹೀರಾತುಗಳೂ ಈ ನಂಬಿಕೆಗೆ ನೀರೆರೆಯುತ್ತವೆ. ಇದನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ನೀರಿನ ಗುಣವನ್ನು ವಿಚಾರಿಸಬೇಕು. ಶುದ್ಧವಾದ ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಈ ಎಳೆತದ ದೆಸೆಯಿಂದ ನೀರು ಹನಿಗಟ್ಟಿ ನಿಲ್ಲುತ್ತದೆಯೇ ಹೊರತು ಜಿಡ್ಡು ಹತ್ತಿದ ಎಳೆಗಳ ಸಂದಿಗೆ ಸುಲಭವಾಗಿ ನುಗ್ಗುವುದಿಲ್ಲ. ಮಾರ್ಜಕದ ಅಣುವಿಗೆ ಒಂದು ತುದಿಯಲ್ಲಿ ನೀರಿನ ಒಲವು, ಇನ್ನೊಂದು ತುದಿಯಲ್ಲಿ ಜಿಡ್ಡಿನ ಒಲವು. ಇಂತಹ ಅಣುಗಳು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ನಿಂತಾಗ ಎಳೆತ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ನೀರು ಒಳಗೆ ಇಳಿದು ಕೊಳೆಯನ್ನು ಬಿಡಿಸಬಲ್ಲುದಾಗುತ್ತದೆ.

ಮೇಲ್ಮೈಯ ಈ ಗುಟ್ಟನ್ನು ಬಯಲಿಗೆಳೆದವರಲ್ಲಿ ಅಗ್ನೆಸ್ ಪೊಕೆಲ್ಸ್ ಎಂಬ ಜರ್ಮನ್ ಮಹಿಳೆ ಪ್ರಮುಖಳು. ಆಕೆ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಮನೆವಾರ್ತೆ ನೋಡಿಕೊಳ್ಳುತ್ತ, ಮನೆಯಲ್ಲಿ ದೊರೆತ ಸಾಮಗ್ರಿಗಳಿಂದಲೇ ಉಪಕರಣ ಮಾಡಿಕೊಂಡು, ಜಿಡ್ಡು ಬೆರೆತ ನೀರಿನ ಮೇಲ್ಮೈಯನ್ನು ಅಳೆದಳು. ತನ್ನ ಫಲಿತಾಂಶಗಳನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಗೆ ಪತ್ರ ಮುಖೇನ ತಿಳಿಸಿದಳು. ಆತನ ಶಿಫಾರಸಿನ ಮೇಲೆ ಆ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆಗೆಲಸದಲ್ಲಿ ವಿಜ್ಞಾನವಿಲ್ಲ ಎನ್ನುವವರಿಗೆ ಇದಕ್ಕಿಂತ ಸೊಗಸಾದ ಉತ್ತರ ಬೇಕೆ?

ಈಗ ನಮ್ಮ ಪ್ರಶ್ನೆಗೆ ಬರೋಣ. ಮಾರ್ಜಕವನ್ನು ಹೆಚ್ಚಿಸಿದಂತೆಲ್ಲ ಎಳೆತ ಇಳಿಯುತ್ತಲೇ ಹೋಗುವುದೆ? ಇಲ್ಲ. ಮೇಲ್ಮೈಯಲ್ಲಿ ಸ್ಥಳ ತುಂಬಿದ ಬಳಿಕ ಉಳಿದ ಅಣುಗಳು ನೀರಿನೊಳಗೆ ಗುಂಪುಗೂಡಿ ಸಣ್ಣ ಉಂಡೆಗಳಾಗುತ್ತವೆ. ಸೋಡಿಯಂ ಡೋಡೆಸೈಲ್ ಸಲ್ಫೇಟ್ ಎಂಬ ಪ್ರಸಿದ್ಧ ಮಾರ್ಜಕಕ್ಕೆ ಈ ಎಲ್ಲೆ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.4 ಗ್ರಾಂ. ಹತ್ತು ಲೀಟರಿನ ಬಕೀಟಿಗೆ 24 ಗ್ರಾಂ ಹಾಕಿದರೆ ಎಳೆತ ಇಳಿಯಬೇಕಾದಷ್ಟು ಇಳಿಯಿತು. 100 ಗ್ರಾಂ ಹಾಕಿದರೂ ಅದಕ್ಕಿಂತ ಕೆಳಗೆ ಇಳಿಯದು. ಒಳಗಿನ ಉಂಡೆಗಳು ಸ್ವಲ್ಪ ಜಿಡ್ಡನ್ನು ಹೊತ್ತೊಯ್ಯುತ್ತವೆ ಎಂಬುದು ನಿಜ. ಆದರೆ ಹೊರುವುದಕ್ಕೆ ಜಿಡ್ಡೇ ಇಲ್ಲದ ಮೇಲೆ ಕೂಲಿಗಳನ್ನು ಹೆಚ್ಚಿಸಿ ಫಲವೇನು? ಬಟ್ಟಲಿನ ನೀರಿನ ಮೇಲೆ ಸೂಜಿಯೊಂದನ್ನು ಮೆಲ್ಲನೆ ತೇಲಿಬಿಟ್ಟು, ಪಕ್ಕದಲ್ಲಿ ಒಂದು ಹನಿ ಮಾರ್ಜಕ ಹಾಕಿ ನೋಡಿರಿ, ಸೂಜಿ ಮುಳುಗುತ್ತದೆ. ಮುಳುಗಿದ ಸೂಜಿಯನ್ನು ಮತ್ತಷ್ಟು ಮುಳುಗಿಸುವ ಶಕ್ತಿ ಎರಡನೆಯ ಹನಿಗಿಲ್ಲ.

ಹೆಚ್ಚಾದುದು ನಿರುಪಯುಕ್ತವಷ್ಟೇ ಆಗಿದ್ದರೆ ಹಣದ ನಷ್ಟವೆಂದು ಸುಮ್ಮನಾಗಬಹುದಿತ್ತು. ಆದರೆ ಅದು ಎಲ್ಲಿಗೆ ಹೋಗುತ್ತದೆ? ಉಟ್ಟ ಬಟ್ಟೆಯನ್ನು ನಾಲ್ಕು ನೀರಿನಲ್ಲಿ ಜಾಲಾಡಿಸಿ ಹಿಂಡುತ್ತೇವೆ. ನೆಲಕ್ಕೆ ಅಂಟಿಸಿದ ಗಂಬಳಿಯನ್ನು ಹಾಗೆ ಹಿಂಡಲು ಬರುವುದಿಲ್ಲ. ಯಂತ್ರದಿಂದ ಹೀರಿ ತೆಗೆದಷ್ಟು ಹೊರಬಂತು. ಮಿಕ್ಕದ್ದು ಎಳೆಗಳ ಬುಡದಲ್ಲಿಯೇ ಒಣಗಿ ಅಂಟಾಗುತ್ತದೆ. ನಡೆದಾಡುವವರ ಕಾಲಿನ ಧೂಳು ಆ ಅಂಟಿಗೆ ಹಿಡಿಯುತ್ತದೆ. “ಮೊನ್ನೆ ತಾನೆ ತೊಳೆಸಿದೆವು, ಆಗಲೇ ಮಾಸಿತು” ಎಂಬ ಗೊಣಗಾಟಕ್ಕೆ ಇದು ಸಾಮಾನ್ಯ ಕಾರಣ. ಆಗ ಮಾಲೀಕರು ಇನ್ನೂ ಖಾರವಾದ ದ್ರಾವಣವನ್ನು ಹಾಕಿಸುತ್ತಾರೆ. ರೋಗಕ್ಕೆ ಕಾರಣವಾದುದನ್ನೇ ಮದ್ದೆಂದು ಕೊಟ್ಟಂತಾಗುತ್ತದೆ.

ಇದು ಮಾಸುವ ಪ್ರಶ್ನೆಯಷ್ಟೇ ಅಲ್ಲ. ಗಂಬಳಿ ತೊಳೆದ ಬಳಿಕ ಒಂದು ಕಚೇರಿಯ ನೌಕರರಿಗೂ ಒಂದು ಶಿಶುವಿಹಾರದ ಮಕ್ಕಳಿಗೂ ಸಿಬ್ಬಂದಿಗೂ ಉಸಿರಾಟದ ಕಿರಿಕಿರಿ ಉಂಟಾದ ಎರಡು ಪ್ರಕರಣಗಳ ವರದಿ 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗಂಬಳಿಯಲ್ಲಿ ಉಳಿದ ಮಾರ್ಜಕದ ಶೇಷವೇ ಕಾರಣವೆಂದು ಅದನ್ನು ಬರೆದವರು ನಿರ್ಣಯಿಸಿದರು. ಗಂಬಳಿಯ ಮೇಲೆ ಅಂಬೆಗಾಲಿಡುವ ಕೂಸಿನ ಮೂಗು ನೆಲಕ್ಕೆ ಎಷ್ಟು ಹತ್ತಿರ ಎಂಬುದನ್ನು ವಾಚಕರು ಆಲೋಚಿಸಬೇಕು.

ಎರಡನೆಯ ಪ್ರಶ್ನೆ ದ್ರಾವಣದ ಆಯ್ಕೆಯದು. ಇಲ್ಲಿ “ಯಾವ ಕಲೆ?” ಎಂದು ಕೇಳುವುದಕ್ಕೆ ಮೊದಲು “ಯಾವ ನಾರು?” ಎಂದು ಕೇಳಬೇಕು. ಉತ್ತರಪ್ರದೇಶದ ಭದೋಹಿ, ಮಿರ್ಜಾಪುರಗಳಲ್ಲಿ ಕೈಯಿಂದ ಗಂಟುಹಾಕಿ ನೇಯುವ ರತ್ನಗಂಬಳಿಗಳ ಮೇಲ್ಭಾಗ ಹೆಚ್ಚಾಗಿ ಉಣ್ಣೆ. ಉಣ್ಣೆ ಎಂದರೆ ಕೆರಟಿನ್ ಎಂಬ ಪ್ರೋಟೀನು. ಅದರ ಸರಪಣಿಗಳನ್ನು ಬಿಗಿದಿರುವ ಗಂಧಕದ ಬಂಧಗಳನ್ನು ಕ್ಷಾರ ಕಡಿಯುತ್ತದೆ. ಬಟ್ಟೆಯ ಕಲೆ ತೆಗೆಯುವ ಹೈಪೊಕ್ಲೋರೈಟ್ ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಹತ್ತಿಯದು. ಹತ್ತಿ ಕ್ಷಾರವನ್ನು ತಾಳಿಕೊಂಡೀತು, ಪ್ರಬಲ ಆಮ್ಲವನ್ನು ತಾಳದು; ಮತ್ತು ಅತಿಯಾಗಿ ನೆನೆಸಿ ನಿಧಾನವಾಗಿ ಒಣಗಿಸಿದರೆ ಕಂದುಬಣ್ಣಕ್ಕೆ ತಿರುಗುವ ಭಯವುಂಟು. ಕಚೇರಿಗಳ ನೈಲಾನ್ ಹಾಸುಗಳ ಗುಣ ಇವೆರಡಕ್ಕೂ ಬೇರೆ.

ಆಮ್ಲ ಕ್ಷಾರಗಳನ್ನು ಅಳೆಯುವ ಪಿಎಚ್ ಮಾನವನ್ನು ಡೆನ್ಮಾರ್ಕಿನ ಸೊರೆನ್‌ಸೆನ್ 1909ರಲ್ಲಿ ಬಳಕೆಗೆ ತಂದನು. ಉಣ್ಣೆಗೆ ಪಿಎಚ್ ಸುಮಾರು 8.5ನ್ನು ಮೀರಬಾರದೆಂಬುದು ಬಲ್ಲ ಕಸುಬುದಾರರ ನಿಯಮ. ನೈಲಾನಿಗೆ ಸುಮಾರು 10ರವರೆಗೆ ಹೋಗಬಹುದು. 8.5ಕ್ಕೂ 11.5ಕ್ಕೂ ಮೂರೇ ಅಂಕಗಳ ಅಂತರವಲ್ಲವೆ ಎನ್ನಬೇಡಿರಿ. ಈ ಮಾನ ಲಾಗರಿತಮದ್ದು. ಕ್ಷಾರಾಂಶ ಅಷ್ಟರಲ್ಲಿ ಸಾವಿರ ಪಟ್ಟು ಏರಿರುತ್ತದೆ. ಇದನ್ನು ಪರೀಕ್ಷೆಗೆಂದು ಉರುಹೊಡೆದ ವಿದ್ಯಾರ್ಥಿಯೇ ಮನೆಗೆ ಬಂದು, ಸೀಸೆಯ ಚೀಟಿಯನ್ನೂ ನೋಡದೆ ಗಂಬಳಿಗೆ ದ್ರಾವಣ ಸುರಿಯುವುದುಂಟು.

ಇದನ್ನು ಅಂದಾಜು ಮಾಡಲು ಅಡಿಗೆಮನೆಯ ಅರಿಸಿನವೇ ಸಾಕು. ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಾರತಿ ಎತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಅರಿಸಿನದ ಹಳದಿ ಕ್ಷಾರದಲ್ಲಿ ಕೆಂಪಾಗುತ್ತದೆ. ಈ ಬದಲಾವಣೆ ಪೂರ್ಣವಾಗುವುದು ಪಿಎಚ್ ಸುಮಾರು 8.6ರ ಹೊತ್ತಿಗೆ. ಅರಿಸಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು ನಾವು ಬೆರೆಸಿದ ದ್ರಾವಣದಲ್ಲಿ ಕೆಂಪಗಾದರೆ, ಉಣ್ಣೆಗೆ ಅದನ್ನು ಸೋಕಿಸದಿರುವುದೇ ಲೇಸು.

ಮೂರನೆಯ ಮಾತು ಹಚ್ಚುವ ಕ್ರಮದ್ದು. ಜರ್ಮನಿಯ ಹೆರ್ಬರ್ಟ್ ಜಿನ್ನರ್ 1959ರಲ್ಲಿ ಒಂದು ಸರಳ ತತ್ತ್ವವನ್ನು ಮುಂದಿಟ್ಟನು: ಶುಚಿಗೊಳಿಸುವ ಕಾರ್ಯಕ್ಕೆ ರಸಾಯನ, ಶಾಖ, ಉಜ್ಜುವಿಕೆ, ಕಾಲ ಎಂಬ ನಾಲ್ಕು ಅಂಗಗಳಿವೆ, ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಬಲ್ಲವರು ಮಾಡುವುದು ಇದನ್ನೇ. ಮೊದಲು ಯಂತ್ರದಿಂದ ಒಣ ಧೂಳನ್ನು ಹೀರಿ ತೆಗೆಯುತ್ತಾರೆ. ಧೂಳಿರುವಾಗಲೇ ನೀರು ಹಾಕಿದರೆ ಕೆಸರಾಗುವುದಷ್ಟೆ. ಮೂಲೆಯಲ್ಲಿ ಒಂದಿಷ್ಟು ದ್ರಾವಣ ಸವರಿ, ಬಿಳಿಯ ಬಟ್ಟೆ ಒತ್ತಿ, ಬಣ್ಣ ಬಿಡುವುದೇ ಎಂದು ನೋಡುತ್ತಾರೆ. ಚೀಟಿಯಲ್ಲಿ ಹೇಳಿದಷ್ಟೇ ಬೆರೆಸಿ, ತುಂತುರಾಗಿ ಸಿಂಪಡಿಸಿ, ಮೆಲ್ಲನೆ ಬ್ರಷ್ಷಾಡಿಸಿ, ಹತ್ತು ನಿಮಿಷದಷ್ಟು ಕಾಲ ಬಿಡುತ್ತಾರೆ. ಒಣಗಲು ಮಾತ್ರ ಬಿಡುವುದಿಲ್ಲ. ಆಮೇಲೆ ಶುದ್ಧ ನೀರು ಬಿಟ್ಟು ಹೀರಿ ತೆಗೆದು, ಗಾಳಿಯಾಡಿಸಿ, ಬೂಷ್ಟು ಹಿಡಿಯದಂತೆ ಒಂದು ದಿನದೊಳಗೆ ಒಣಗಿಸುತ್ತಾರೆ. ಹಾಲು, ರಕ್ತದಂತಹ ಕಲೆಗಳಿಗೆ ಬಿಸಿನೀರು ಸೋಕಿಸುವುದಿಲ್ಲ. ಶಾಖದಿಂದ ಪ್ರೋಟೀನು ಹೆಪ್ಪುಗಟ್ಟಿ ಎಳೆಗೆ ಕಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಅದು ನ್ಯಾಯವಾದುದು. ಉಪಾಹಾರ ಮಂದಿರದ ಎಣ್ಣೆಜಿಡ್ಡಿಗೆ ಸೌಮ್ಯ ದ್ರಾವಣ ಸಾಲದು. ಅಲ್ಲಿ ಕ್ಷಾರ ಬೇಕೇ ಬೇಕು. ಒಪ್ಪಿದೆ, ಹಾಸು ನೈಲಾನಿನದಾದರೆ ಹಾಕಲಿ, ಅಳೆದು ಹಾಕಲಿ, ಚೆನ್ನಾಗಿ ತೊಳೆದು ತೆಗೆಯಲಿ. ಇನ್ನೂ ತೂಕವಾದ ಮಾತೆಂದರೆ, ಚದರಡಿಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹತ್ತು ನಿಮಿಷ ಕಾಯುವ ಪುರಸತ್ತು ಎಲ್ಲಿದೆ? ಕಾಲವನ್ನು ಕೊಡದ ಯಜಮಾನನು ಜಿನ್ನರನ ತತ್ತ್ವದ ಪ್ರಕಾರ ರಸಾಯನವನ್ನು ಹೆಚ್ಚಿಸಲೇಬೇಕಾಗುತ್ತದೆ. ಅದರ ಬೆಲೆ ತೆರುವುದು ಕೆಲಸಗಾರರ ಚರ್ಮ ಮತ್ತು ಶ್ವಾಸಕೋಶ. ಅವಸರದಲ್ಲಿ ಬ್ಲೀಚಿಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಬೆರೆತರೆ ಕ್ಲೋರಮಿನ್ ಏಳುತ್ತದೆ. ಎರಡೂ ವಿಷ. ಎರಡು ಸೀಸೆಗಳನ್ನು ಕೂಡಿಸಿದರೆ ಎರಡರ ಶಕ್ತಿ ಕೂಡುತ್ತದೆ ಎಂಬ ಭ್ರಮೆ ಇಲ್ಲಿ ಪ್ರಾಣಾಂತಿಕವಾಗಬಲ್ಲುದು.

ಆದುದರಿಂದ ನನ್ನ ಸೂಚನೆಗಳು ಮೂರು. ನಮ್ಮ ನಾಡಿನಲ್ಲಿ ಮಾರುವ ಪ್ರತಿಯೊಂದು ಶುಚಿದ್ರಾವಣದ ಸೀಸೆಯ ಮೇಲೂ ಪಿಎಚ್ ಮತ್ತು ಬೆರೆಸುವ ಪ್ರಮಾಣ ಓದಬಲ್ಲ ಅಕ್ಷರಗಳಲ್ಲಿ, ಕನ್ನಡದಲ್ಲಿ ಇರಬೇಕು. ಕೆಲಸಕ್ಕೆ ಕರೆಯುವವರು ಕೈಚೀಲ, ಅಳತೆಯ ಲೋಟ, ಸಾಕಷ್ಟು ಕಾಲ, ಇವುಗಳನ್ನು ಕೂಲಿಯ ಭಾಗವೆಂದೇ ಎಣಿಸಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಸಾಬೂನು, ಸೋಡ, ಮಾರ್ಜಕಗಳನ್ನು ತಂದು ಒಮ್ಮೆಯಾದರೂ ಅಳೆದು ನೋಡಬೇಕು.

ವಿಜ್ಞಾನ ಕಲಿತವರ ಗುರುತು ದೊಡ್ಡ ಹೆಸರುಗಳನ್ನು ಹೇಳಬಲ್ಲರೆಂಬುದಲ್ಲ. ಸುರಿಯುವ ಮುನ್ನ ಅಳೆಯುತ್ತಾರೆ ಎಂಬುದು. ಆ ಗುರುತು ಬಕೀಟು ಹಿಡಿದ ಕೈಯಲ್ಲಿ ಕಂಡರೆ, ಪದವಿ ಹಿಡಿದ ಕೈ ಅದಕ್ಕೆ ಗೌರವ ಸಲ್ಲಿಸುವುದು ನ್ಯಾಯ.